ಬುಟ್ಟಿಯಲ್ಲಿ ಬಂದ ಮಾತು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ನನ್ನ ಪಾಠಕ್ಕೆ ಬರುವ ಒಂದು ಮಗುವಿಗೆ ಬೆಳಿಗ್ಗೆ ಒಪ್ಪಿಸಿದ ಪದ್ಯವೇ ಸಂಜೆ ಬರುವುದಿಲ್ಲ. ದಿನವೂ ಕತ್ತಲಾಗುವವರೆಗೆ ಕೂರಿಸಿಕೊಂಡು ತಿದ್ದುತ್ತೇನೆ. ಮರುದಿನ ಮತ್ತೆ ಅದೇ ತಪ್ಪು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇನ್ನು ಹೇಗೆ ತಿದ್ದಲಿ?"

ಗುರು ಹೇಳಿದರು: "ಗಾದೆಯನ್ನು ಚೆನ್ನಾಗಿ ಕಲಿತಿದ್ದೀಯ. ಬಗ್ಗಿಸುವುದೇ ಕಸುಬಾದವರ ಕತೆಯೊಂದಿದೆ, ಕೇಳು."

ಒಬ್ಬ ಮೇದರ ಹೆಂಗಸು. ಬಿದಿರು ಸೀಳಿ, ಬುಟ್ಟಿ ಹೆಣೆದು, ಸಂತೆಯಲ್ಲಿ ಮಾರುವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹೆಣಿಗೆಯ ನಿಯಮ ಸುಲಭ: ಸೀಳು ಒಂದು ಕಡ್ಡಿಯ ಮೇಲೆ ಹೋದರೆ ಮುಂದಿನ ಕಡ್ಡಿಯ ಕೆಳಗೆ ಹೋಗಬೇಕು. ನಿಯಮ ಕೈಗೆ ಬಂದಮೇಲೆ ಮಕ್ಕಳಿಗೆ ಅದನ್ನು ಮುರಿಯುವ ಆಟ ಹುಟ್ಟಿತು. ಬುಟ್ಟಿಯ ಅಂಚಿನಲ್ಲಿ ಸೀಳು ಎರಡು ಕಡ್ಡಿಯನ್ನು ಒಟ್ಟಿಗೆ ದಾಟಿದರೆ 'ಆಡೋಣ ಬಾ'. ಮೂರು ದಾಟಿದರೆ 'ಬಂದು ಕರೆದುಕೊಂಡು ಹೋಗು'. ಅವ್ವನ ಮಗ್ಗುಲಲ್ಲೇ ಕೂತು ಹೀಗೆ ಮಾತಾಡಿಕೊಳ್ಳುವರು. ಓದಿದ ಮೇಲೆ ಬಿಚ್ಚಿ ಸರಿಮಾಡಿ ಇಡುವರು. ಗುಟ್ಟಿಲ್ಲದ ಆಟ ಉಪ್ಪಿಲ್ಲದ ಊಟ, ಮಕ್ಕಳಿಗೆ.

ಸುಗ್ಗಿ ಹತ್ತಿರ ಬಂತು. ಬುಟ್ಟಿಗೆ ಬೇಡಿಕೆ ಹೆಚ್ಚಿತೆಂದು ದೂರದೂರಿನ ಸೋದರತ್ತೆ ದೊಡ್ಡ ಹುಡುಗಿಯನ್ನು ಕರೆದುಕೊಂಡು ಹೋದಳು. ಅಲ್ಲಿ ಕೂಳು ಕಡಿಮೆ, ಏಟು ಹೆಚ್ಚು. ಹುಡುಗಿ ಹೆಣೆದ ಬುಟ್ಟಿಗಳಲ್ಲಿ ಅವ್ವನ ಪಾಲು ವಾರವಾರ ಸಂತೆಗೆ ಬರುತ್ತಿತ್ತು. ಅತ್ತೆ ಬುಟ್ಟಿ ಎಣಿಸುತ್ತಿದ್ದಳೇ ಹೊರತು ನೋಡುತ್ತಿರಲಿಲ್ಲ. ಅದು ಹುಡುಗಿಗೆ ಗೊತ್ತಾಯಿತು. ತಂಗಿ ಓದಿ ಹೇಳಲೆಂದು, ಅವ್ವನಿಗೆ ಹೋಗುವ ಪ್ರತಿ ಬುಟ್ಟಿಯ ಅಂಚಿನಲ್ಲೂ ಮೂರು ಕಡ್ಡಿ ದಾಟಿಸಿದಳು.

ಅವ್ವ ನೋಡುತ್ತಿದ್ದಳು. ಕಸುಬಿನಲ್ಲಿ ಅವಳ ಕಣ್ಣು ಬಲು ಚುರುಕು. ಮಗಳ ಕೈ ಕೆಟ್ಟಿತೆಂದು ನಾಚಿಕೊಂಡು, ಬೇರೆಯವರು ಕಾಣುವ ಮೊದಲೇ ಸಂತೆಯಲ್ಲಿ ಕೂತು, ಸೀಳು ಬಿಚ್ಚಿ ಸರಿಯಾಗಿ ಹೆಣೆಯುತ್ತಿದ್ದಳು. ಮಾರದೆ ಉಳಿದ ಬುಟ್ಟಿ ಮನೆಗೆ ಬಂದಾಗ ತಂಗಿ ಅಂಚಿನ ಮೇಲೆ ಬೆರಳಾಡಿಸುವಳು. ಎಲ್ಲವೂ ನಿಯಮದಂತೆಯೇ ಇರುತ್ತಿತ್ತು. ಅಕ್ಕ ಸುಖವಾಗಿದ್ದಾಳೆ, ನನ್ನನ್ನು ಮರೆತಳು ಎಂದು ಅವಳಿಗೆ ಬೇಸರವಾಗುತ್ತಿತ್ತು.

ಒಂದು ಸಂತೆಯ ದಿನ ತಿದ್ದಿ ತಿದ್ದಿ ಅವ್ವನಿಗೆ ಸಿಟ್ಟು ಬಂತು. ಒಂದು ಬುಟ್ಟಿಯನ್ನು ಹಾಗೆಯೇ ತಂದು ಚಿಕ್ಕವಳ ಮುಂದಿಟ್ಟಳು.

"ನೋಡೇ, ನೀನಾದ್ರೂ ಹಿಂಗೆ ಹೆಣೀಬ್ಯಾಡ."

ಚಿಕ್ಕವಳು ಅಂಚನ್ನು ಮುಟ್ಟಿ ನೋಡಿ ಅಳತೊಡಗಿದಳು. "ಇದು ತಪ್ಪಲ್ಲ ಕಣವ್ವ. ಬಂದು ಕರ್ಕೊಂಡೋಗು ಅಂತ ಅಕ್ಕ ಹೇಳವ್ಳೆ."

ಅವ್ವ ನಿಂತ ಕಾಲಲ್ಲೇ ಹೊರಟಳು. ಮಗಳು ಸಿಕ್ಕಳು. ಮೈಯಲ್ಲಿ ಮೂಳೆ ಚರ್ಮ ಬಿಟ್ಟರೆ ಬೇರೇನೂ ಇರಲಿಲ್ಲ. ಬರುವ ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು: "ಬುಟ್ಟಿ ಬುಟ್ಟೀಲೂ ಹೇಳ್ದೆನಲ್ಲವ್ವ, ಒಂದೂ ಬರ್ಲಿಲ್ವಾ?" ಎಲ್ಲವೂ ಬಂದಿದ್ದವು. ಅವ್ವ ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು.

ಗುರು ಕತೆ ನಿಲ್ಲಿಸಿದರು.

"ಪಾಪ, ಆ ತಾಯಿಗೆ ಗೊತ್ತಾಗಲಿಲ್ಲ," ಎಂದ ಶಿಷ್ಯ.

ಗುರು ಕೇಳಿದರು: "ಸಂಜೆ ಪದ್ಯ ಮರೆತು ಕತ್ತಲಾಗುವವರೆಗೆ ನಿನ್ನ ಬಳಿ ಉಳಿಯುವ ಆ ಮಗುವಿನ ಮನೆಯಲ್ಲಿ ಯಾರಿದ್ದಾರೆ?"