ಕೂಸು ಉಂಡ ಪ್ಯಾಕೇಜ್

ಹೊಳೆದಂಡೆಯ ಆಶ್ರಮದಲ್ಲಿ ಮರುಳಾರಾಧ್ಯರ ಶಿಷ್ಯ ಭದ್ರೇಶನಿದ್ದ. ಅವನು ಕೀಲಿಮಣೆ ಕುಟ್ಟಿದರೆ ಮೀನುಗಳು ನೀರಿನಿಂದ ತಲೆಯೆತ್ತಿ ನೋಡುತ್ತಿದ್ದವು. ಸುಳ್ಳೆನ್ನುವವರು ಮೀನುಗಳನ್ನೇ ಕೇಳಬಹುದು.

ಆಶ್ರಮದ ಕಾಯಕ ಒಂದೇ: ಪ್ರೋಗ್ರಾಮಿಂಗ್ ಭಾಷೆಗಳನ್ನು ಲಿನಕ್ಸ್ ಎಂಬ ಮೂಲ ತಂತ್ರಾಂಶದ ಕಂಪ್ಯೂಟರುಗಳಿಗೆ ಹೊಂದುವಂತೆ ಪ್ಯಾಕೇಜ್ ಕಟ್ಟಿ ಊರೂರಿಗೆ ಕಳಿಸುವುದು. ಅಂದು ಆಚೆ ದಡದ ಶಾಲೆಗೆ ‘ಬೆಳ್ಳಕ್ಕಿ’ ಎಂಬ ಭಾಷೆ ಹೋಗಬೇಕಿತ್ತು. ಮಕ್ಕಳ ಹೊಸ ಪಾಠ ಅದರ ಮೇಲೇ ನಿಂತಿತ್ತು.

ಭದ್ರೇಶನ ಕೈಯ ಮೊದಲ ಪ್ಯಾಕೇಜ್ ಅದು. ಆಚೆ ದಡವೆಲ್ಲ ತನ್ನ ಹೆಸರು ಹೇಳಬೇಕೆಂಬುದು ಅವನ ಆಸೆ.

“ಗುರುಗಳೇ, ನನ್ನ ಕಂಪ್ಯೂಟರಿನಲ್ಲಿ ಕುದುರೆ ಹಾಗೆ ಓಡ್ತಿದೆ. ದೋಣಿಗೆ ಕೊಡಲಾ?”

“ಕೂಸಿಗೆ ಉಣಿಸಿದೆಯಾ?”

ಕೂಸು ಅಂದರೆ ಮೂಲೆಯ ಹಳೆ ಕಂಪ್ಯೂಟರ್. ಅದರಲ್ಲಿ ಬರೀ ಲಿನಕ್ಸ್, ಬೇರೇನೂ ಇಲ್ಲ. ಅದು ಅರಗಿಸಿಕೊಳ್ಳದ ಪ್ಯಾಕೇಜ್ ಹೊಳೆ ದಾಟುವಂತಿಲ್ಲ, ಇದು ಆಶ್ರಮದ ಕಟ್ಟಳೆ.

“ನನ್ನ ಪ್ಯಾಕೇಜಿಗೂ ಕೂಸಿನ ಪರೀಕ್ಷೆಯೇ?” ಎಂದು ನಗುತ್ತಲೇ ಭದ್ರೇಶ ಉಣಿಸಿದ.

ಕೂಸು ಉಗುಳಿತು. ಬೆಳ್ಳಕ್ಕಿ ಓಡಲು ಒಂದು ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಬೇಕಂತೆ. ಭದ್ರೇಶ ಎಂದೋ ತನ್ನ ಕಂಪ್ಯೂಟರಿಗೆ ಹಾಕಿ ಮರೆತಿದ್ದ ಲೈಬ್ರರಿ ಅದು.

ಅವನೇನು ಸಾಮಾನ್ಯನೇ? ಕಣ್ಣು ಮಿಟುಕಿಸುವಷ್ಟರಲ್ಲಿ ಆ ಲೈಬ್ರರಿಯನ್ನು ಕೂಸಿಗೂ ಹಾಕಿದ. ಬೆಳ್ಳಕ್ಕಿ ಹಾರಿತು.

“ಈಗ ಉಂಡಿತು, ಗುರುಗಳೇ.”

ಗುರುಗಳು ಕೂಸನ್ನು ಪೂರ್ತಿ ಅಳಿಸಿ, ಮತ್ತೆ ಬರೀ ಲಿನಕ್ಸ್ ಹಾಕಿದರು.

“ಅಯ್ಯೋ, ಓಡ್ತಿತ್ತಲ್ಲ.”

“ಓಡಿದ್ದು ನಿನ್ನ ಕೈತುತ್ತಿನಿಂದ. ಆಚೆ ದಡದಲ್ಲಿ ಒಂದೊಂದು ಕಂಪ್ಯೂಟರಿನ ಪಕ್ಕಕ್ಕೂ ನೀನು ಹೋಗಿ ಕೂರ್ತೀಯೇನಪ್ಪಾ?”

ಭದ್ರೇಶನ ಕಿವಿ ಕೆಂಪಾಯಿತು. ಪ್ಯಾಕೇಜನ್ನು ಬಿಚ್ಚಿ, ಬೇಕಾದ ಲೈಬ್ರರಿಯೂ ಜೊತೆಗೇ ಹೋಗುವಂತೆ ಮತ್ತೆ ಕಟ್ಟಿದ. ಕೂಸು ಉಂಡು ತೇಗಿತು. ದೋಣಿ ಹೊರಟಿತು.

ಸಂಜೆ ಅಂಬಿಗ ದುರ್ಗಪ್ಪ ಮರಳುವಷ್ಟರಲ್ಲಿ ಭದ್ರೇಶ ಮೊಣಕಾಲುದ್ದ ನೀರಿಗಿಳಿದು ಕಾಯುತ್ತಿದ್ದ.

“ಏನಂದ್ರು, ದುರ್ಗಪ್ಪಣ್ಣ?”

“ಏನಂತಾರೆ? ಹಾಕಿದ್ರು, ಪಾಠ ಶುರು ಮಾಡಿದ್ರು. ಗಂಟೆ ಹೊಡೆದ್ರೂ ಮಕ್ಕಳು ಏಳಲಿಲ್ಲ.”

“ಕಟ್ಟಿದವರು ಯಾರು ಅಂತ?”

“ಯಾರೂ ಕೇಳಲಿಲ್ಲಪ್ಪ.”

ಭದ್ರೇಶ ಹೊಳೆಯಷ್ಟುದ್ದ ಮುಖ ಮಾಡಿಕೊಂಡು ಗುರುಗಳ ಬಳಿಗೆ ಬಂದ.

“ಇಷ್ಟು ಮಾಡಿಯೂ ಅಲ್ಲಿ ನನ್ನ ಹೆಸರು ಯಾರೂ ಎತ್ತಲಿಲ್ಲ, ಗುರುಗಳೇ.”

ಮರುಳಾರಾಧ್ಯರು ಎದ್ದು, ಆವರೆಗೆ ಯಾರಿಗೂ ಕೊಡದ ತಮ್ಮ ಶಾಲನ್ನು ಅವನ ಹೆಗಲಿಗೆ ಹೊದಿಸಿದರು.

“ಹೋದ ವರ್ಷ ಕೂಸಿಗೆ ಉಣಿಸದೆ ಕಳಿಸಿದವನ ಹೆಸರು ಅಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ, ಮಗನೇ.”