ಇಬ್ಬರಿಗೊಂದು ಸ್ಟೆಪ್ನಿ

"ಬುದ್ಧಿ, ಗೆಳೆಯನ ಅಭಿರುಚಿ ನನಗೆ ಸ್ವಲ್ಪವೂ ಹಿಡಿಸದಿದ್ದರೆ ನಾನೇನು ಮಾಡಬೇಕು? ಹಿಡಿಸಿತು ಎಂದು ಸುಳ್ಳು ಹೇಳಿ ಜೊತೆಗಿರಬೇಕೇ, ಇಲ್ಲ ನಿಜ ಹೇಳಿ ದೂರ ಹೋಗಬೇಕೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಗುರುಶಾಂತ ಎಂಬ ಶಿಷ್ಯ. ಅವನು ಸುಮ್ಮನೆ ತಿಳಿದುಕೊಳ್ಳುವುದಕ್ಕೆಂದು ಕೇಳಿದ್ದಲ್ಲ. ಪ್ರಶ್ನೆಯ ಹಿಂದೆ ಒಂದು ಕಾರಣವಿತ್ತು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸರಿಯಾಗಿ ಅರ್ಥವಾಗುತ್ತದೆ.

ಗುರುಶಾಂತನೂ ಹಾಲಸ್ವಾಮಿ ಎಂಬ ಇನ್ನೊಬ್ಬ ಶಿಷ್ಯನೂ ಒಂದೇ ವರ್ಷ ಮಠಕ್ಕೆ ಬಂದವರು. ಸಂಜೆಯ ಪ್ರಾರ್ಥನೆಯಲ್ಲಿ ಅಕ್ಕಪಕ್ಕ ಕುಳಿತು ಹಾಡುತ್ತಿದ್ದರು. ಗುರುಶಾಂತನಿಗೆ ನೇರವಾದ ಹಾಡು ಇಷ್ಟ. ಪದ ಸ್ಪಷ್ಟವಾಗಿ ಕೇಳಿಸಬೇಕು, ಅಷ್ಟಾದರೆ ಸಾಕು. ಹಾಲಸ್ವಾಮಿಗೆ ಪ್ರತಿ ಸಾಲನ್ನೂ ಮೇಲಕ್ಕೆತ್ತಿ, ಬಳುಕಿಸಿ, ನಾಲ್ಕು ಕಡೆ ಸುತ್ತಾಡಿಸಿ ಇಳಿಸುವುದು ಇಷ್ಟ. ಹಿಂದಿನ ದಿನ ಗುರುಶಾಂತ ಎಲ್ಲರೆದುರಿಗೆ, ನಿನ್ನ ಹಾಡಿನ ಹಿಂದೆ ಒಂದು ಕುದುರೆ ನಿಲ್ಲಿಸಿದರೆ ಮದುವೆ ಗಂಡು ಮೆರವಣಿಗೆ ಹೊರಟಿತೆಂದು ಬಂದು ಹತ್ತಿ ಕೂರುತ್ತಾನೆ ಎಂದುಬಿಟ್ಟಿದ್ದ. ಎಲ್ಲರೂ ನಕ್ಕರು. ಹಾಲಸ್ವಾಮಿ ನಗಲಿಲ್ಲ. ತನ್ನ ಚಾಪೆ ಸುತ್ತಿಕೊಂಡು ಹೋಗಿ ಆ ಕಡೆಯ ಕಂಬದ ಪಕ್ಕ ಕುಳಿತ. ಇಬ್ಬರೂ ಅಲ್ಲಿಂದೀಚೆಗೆ ಮಾತು ಬಿಟ್ಟಿದ್ದರು.

ಗುರುಶಾಂತ ಬಂದದ್ದು ತನ್ನನ್ನು ಶಾಖಾ ಮಠಕ್ಕೆ ಕಳುಹಿಸಿಕೊಡಿ ಎಂದು ಬೇಡಿಕೊಳ್ಳಲು. ಆದರೆ ಹಾಗೆ ನೇರವಾಗಿ ಕೇಳಲು ಬಾಯಿ ಬರಲಿಲ್ಲ. ಅದಕ್ಕೇ ಮೊದಲು ಪ್ರಶ್ನೆ ಕೇಳಿದ. ನಿಜ ಹೇಳುವುದೇ ಮೇಲು, ದೂರ ಹೋಗು ಎಂದು ಗುರುಗಳು ಹೇಳಿದರೆ ಅದನ್ನೇ ಹಿಡಿದುಕೊಂಡು ಅಪ್ಪಣೆ ಪಡೆಯಬಹುದು ಎಂಬುದು ಅವನ ಲೆಕ್ಕ.

ಗುರುಗಳು ಅವನಿಗೆ ಕೂರಲು ಹೇಳಿದರು. ಆ ಮಠ ಹೆದ್ದಾರಿಯ ಪಕ್ಕದಲ್ಲಿತ್ತು. ಲಾರಿಯವರು ನಿಲ್ಲಿಸಿ ಊಟ ಮಾಡಿ ಹೋಗುತ್ತಿದ್ದರು. ಹೀಗಾಗಿ ಗುರುಗಳಿಗೆ ಲಾರಿಗಳ ಕತೆ ಗೊತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗಾಣದವನಿದ್ದ, ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಗೆಳೆಯರು. ಇಬ್ಬರ ಹತ್ತಿರವೂ ಒಂದೊಂದು ಹಳೆಯ ಕಾಲದ ಲಾರಿ ಇತ್ತು. ಮುಂದೆ ಉದ್ದ ಮೂತಿ ಇರುವ, ಈಗ ಯಾರೂ ತಯಾರಿಸದ ಲಾರಿ. ವ್ಯಾಪಾರದ ಸಾಮಾನು ಸಾಗಿಸಲು ಹೊಸ ಗಾಡಿಗಳಿದ್ದವು. ಈ ಮೂತಿ ಲಾರಿಗಳನ್ನು ಅವರು ಇಟ್ಟುಕೊಂಡಿದ್ದು ಬರೀ ಪ್ರೀತಿಗೆ. ತೊಳೆಯುವುದು, ಬಣ್ಣ ಬಳಿಯುವುದು, ಹೊಸ ಹಾರ್ನು ಕೂರಿಸುವುದು, ಹೀಗೆ ಬಿಡುವಿದ್ದಾಗಲೆಲ್ಲ ಅದರದೇ ಕೆಲಸ. ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆ ದೂರದ ಒಂದು ಪಟ್ಟಣದಲ್ಲಿ ಸೇರುತ್ತಿದ್ದರು. ಇವರಿಬ್ಬರೂ ತಪ್ಪದೆ ಹೋಗುತ್ತಿದ್ದರು.

ಅವರು ಹೋಗುವ ರೀತಿಯಲ್ಲಿ ಒಂದು ವಿಶೇಷವಿತ್ತು. ಆ ಲಾರಿಗಳ ಅಳತೆಯ ಗಾಲಿ ಎಲ್ಲೂ ಸಿಗುತ್ತಿರಲಿಲ್ಲ. ಹುಡುಕಿ ಹುಡುಕಿ ಒಂದೇ ಒಂದು ಸ್ಟೆಪ್ನಿ ದೊರಕಿತ್ತು. ಸ್ಟೆಪ್ನಿ ಎಂದರೆ ದಾರಿಯಲ್ಲಿ ಟೈರು ಪಂಕ್ಚರ್ ಆದರೆ ಬದಲಾಯಿಸಲೆಂದು ಜೊತೆಯಲ್ಲಿ ಒಯ್ಯುವ ಹೆಚ್ಚಿನ ಗಾಲಿ. ಲಾರಿ ಎರಡು, ಸ್ಟೆಪ್ನಿ ಒಂದು. ಆದ್ದರಿಂದ ಒಬ್ಬರನ್ನು ಬಿಟ್ಟು ಒಬ್ಬರು ಹೋಗುವಂತಿರಲಿಲ್ಲ. ಮುಂದೆ ಒಂದು ಲಾರಿ, ಹಿಂದೆ ಒಂದು ಲಾರಿ. ಈ ವರ್ಷ ಸ್ಟೆಪ್ನಿ ಇವನ ಲಾರಿಯಲ್ಲಿ, ಬರುವ ವರ್ಷ ಅವನ ಲಾರಿಯಲ್ಲಿ. ಊರಿನವರು, ಇವರಿಗೆ ಮನೆ ಬೇರೆ, ಒಲೆ ಬೇರೆ, ಸ್ಟೆಪ್ನಿ ಮಾತ್ರ ಒಟ್ಟು ಕುಟುಂಬ ಎಂದು ಆಡಿಕೊಳ್ಳುತ್ತಿದ್ದರು. ಇಬ್ಬರಿಗೂ ಆ ಮಾತು ಕೇಳಿದರೆ ಖುಷಿಯೇ.

ಒಂದು ವರ್ಷ ಪಾತ್ರೆ ವ್ಯಾಪಾರಿಗೆ ತನ್ನ ಲಾರಿಯ ಗಾಲಿಗಳನ್ನು ಬದಲಾಯಿಸುವ ಮನಸ್ಸಾಯಿತು. ಎದೆಯೆತ್ತರದ ಟೈರುಗಳನ್ನು ತರಿಸಿದ. ನಡುವಿನ ಡಿಸ್ಕುಗಳಿಗೆ ತನ್ನ ಅಂಗಡಿಯ ತಟ್ಟೆಗಳ ಹಾಗೆ ಹೊಳಪು ಕೊಡಿಸಿದ. ಅಷ್ಟು ದೊಡ್ಡ ಗಾಲಿ ಒಳಗೆ ತಿರುಗುವುದಿಲ್ಲವೆಂದು ಮಡ್‌ಗಾರ್ಡುಗಳನ್ನೂ ಕತ್ತರಿಸಬೇಕಾಯಿತು. ಕತ್ತರಿಸಿದ. ಲಾರಿ ಎಷ್ಟು ಎತ್ತರವಾಯಿತೆಂದರೆ ಹತ್ತಲು ಒಂದು ಮೆಟ್ಟಿಲು ಬೆಸುಗೆ ಹಾಕಿಸಬೇಕಾಯಿತು. ಅವನ ಕಣ್ಣಿಗೆ ಅದು ಆನೆಯ ಹಾಗೆ ಕಂಡಿತು. ಗ್ಯಾರೇಜಿನಿಂದ ಹೊರಟವನು ಮನೆಗೂ ಹೋಗದೆ, ಯಾರಿಗೂ ತೋರಿಸದೆ, ನೇರವಾಗಿ ಗಾಣದವನ ಬಾಗಿಲಿಗೆ ತಂದು ನಿಲ್ಲಿಸಿದ. ಮೊದಲು ನೋಡಬೇಕಾದವನು ಗೆಳೆಯ ಎಂಬುದು ಅವನ ಆಸೆ.

ಗಾಣದವನು ಲಾರಿಯನ್ನು ಒಂದು ಸುತ್ತು ಬಂದ. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಇದನ್ನು ಗಮನಿಸಬೇಕು, ಏಕೆಂದರೆ ಅವನು ಮುಂದೆ ಆಡಿದ ಮಾತು ಹೊಟ್ಟೆಕಿಚ್ಚಿನದಲ್ಲ. ಹಳೆಯ ಲಾರಿ ಹುಟ್ಟಿದ ಹಾಗೇ ಇರಬೇಕು, ಅದರ ಗಾಂಭೀರ್ಯವೇ ಅದರ ಚೆಂದ ಎಂದು ಅವನು ನಂಬಿದ್ದ. ಕತ್ತರಿಸಿದ ಮಡ್‌ಗಾರ್ಡಿನ ಅಂಚನ್ನು ಮುಟ್ಟಿ ನೋಡಿದ. ಅಷ್ಟರಲ್ಲಿ ಎಣ್ಣೆಗೆ ಬಂದವರು, ದಾರಿಹೋಕರು ಸುತ್ತ ಸೇರಿದ್ದರು.

"ಮರ್ಯಾದಸ್ಥ ಮುದುಕನಿಗೆ ಮರಗಾಲು ಕಟ್ಟಿ ಬೀದಿಯಲ್ಲಿ ನಿಲ್ಲಿಸಿದ್ದೀಯಲ್ಲೋ" ಎಂದ.

ಸೇರಿದವರೆಲ್ಲ ನಕ್ಕರು. ವ್ಯಾಪಾರಿಯೂ ನಕ್ಕ. ನಿನ್ನದೇನು ಮಹಾ, ನೆಲಕ್ಕೆ ಕಚ್ಚಿಕೊಂಡ ಆಮೆ, ಹಾರ್ನು ಹೊಡೆದರೆ ತಲೆ ಒಳಗೆ ಎಳೆದುಕೊಳ್ಳುತ್ತದೆ ಎಂದು ತಿರುಗಿಸಿ ಕೊಟ್ಟ. ಅದಕ್ಕೂ ಜನ ನಕ್ಕರು. ಆದರೆ ಒಳಗಿನಿಂದ ಬಂದ ಕಾಫಿಯನ್ನು ವ್ಯಾಪಾರಿ ಮುಟ್ಟಲಿಲ್ಲ. ಲೋಟ ಕಟ್ಟೆಯ ಮೇಲೆ ಹಾಗೇ ಆರಿತು.

ಮಾರನೆಯ ದಿನ ಅವನು ಹಳೆಯ ಸ್ಟೆಪ್ನಿಯನ್ನು ಉರುಳಿಸಿಕೊಂಡು ಬಂದ. ಆ ವರ್ಷ ಅದು ಅವನ ಲಾರಿಯಲ್ಲಿರಬೇಕಾದ ಸರದಿ. ಗಾಣದವನ ಗೋಡೆಗೆ ಅದನ್ನು ಒರಗಿಸಿ, ಇದು ಇನ್ನು ನನಗೆ ಕೂರುವುದಿಲ್ಲ, ಪೂರ್ತಿ ನಿನ್ನದೇ ಎಂದು ಹೇಳಿ ಹೊರಟುಹೋದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಾಣದವನು ಏನಾದರೂ ಉತ್ತರ ಹೇಳುತ್ತಿದ್ದ.

ಆ ವರ್ಷ ಇಬ್ಬರೂ ಬೇರೆ ಬೇರೆಯಾಗಿ ಹೊರಟರು. ಗಾಣದವನ ಹತ್ತಿರ ಸ್ಟೆಪ್ನಿ ಇತ್ತು. ಇಡೀ ಸ್ಟೆಪ್ನಿ ಅವನೊಬ್ಬನದೇ. ಹಾಗೆ ನೋಡಿದರೆ ಹಿಂದೆಂದಿಗಿಂತ ಧೈರ್ಯವಾಗಿ ಹೋಗಬೇಕಿತ್ತು. ಆದರೂ ದಾರಿಯುದ್ದಕ್ಕೂ ಅವನು ಕನ್ನಡಿ ನೋಡುತ್ತಲೇ ಇದ್ದ. ಕನ್ನಡಿಯಲ್ಲಿ ಬರೀ ರಸ್ತೆ. ಪಟ್ಟಣದಲ್ಲಿ ಇಬ್ಬರೂ ಮೈದಾನದ ಎರಡು ತುದಿಗಳಲ್ಲಿ ನಿಲ್ಲಿಸಿಕೊಂಡರು. ಗಾಣದವನ ಲಾರಿಯನ್ನು ನೋಡಿ ಕೆಲವರು, ಅಬ್ಬಾ, ಒಂದು ಮೊಳೆಯೂ ಬದಲಾಗಿಲ್ಲ ಎಂದು ಹೊಗಳಿದರು. ವ್ಯಾಪಾರಿಯ ಲಾರಿಯ ಮುಂದೆ ನಿಂತು ಕೆಲವರು ಫೋಟೋ ತೆಗೆಸಿಕೊಂಡರು. ಯಾರ ಅಭಿರುಚಿ ಸರಿ ಎಂದು ಜನರನ್ನು ಕೇಳಿದರೆ, ಎರಡು ಕಡೆಗೂ ಜನ ಇದ್ದರು ಎಂದೇ ಹೇಳಬೇಕು.

ಹಿಂದಿರುಗುವಾಗ ಮರವಿಲ್ಲದ ಒಂದು ಬಯಲಿನಲ್ಲಿ ಗಾಣದವನಿಗೆ ದೂರದಿಂದಲೇ ಆ ಎತ್ತರದ ಲಾರಿ ಕಂಡಿತು. ರಸ್ತೆಯ ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಚೂಪು ಕಲ್ಲೊಂದು ಮುಂದಿನ ಟೈರನ್ನು ಸೀಳಿಬಿಟ್ಟಿತ್ತು. ವ್ಯಾಪಾರಿ ತಲೆಗೆ ಟವೆಲು ಹಾಕಿಕೊಂಡು, ಲಾರಿಯ ಪಕ್ಕ ನೆತ್ತಿಯ ಬಿಸಿಲಿನಲ್ಲೇ ಕುಳಿತಿದ್ದ. ಬೆಳಗಿನಿಂದ ಎಷ್ಟೋ ಲಾರಿಯವರು ನಿಲ್ಲಿಸಿದ್ದರಂತೆ. ಒಬ್ಬೊಬ್ಬರ ಹತ್ತಿರವೂ ಸ್ಟೆಪ್ನಿ ಇತ್ತಂತೆ. ಒಂದೂ ಇದಕ್ಕೆ ಕೂರಲಿಲ್ಲವಂತೆ.

ಗಾಣದವನು ಇಳಿದ. ಅಭ್ಯಾಸದಂತೆ ಜಾಕ್ ಹೊರಗೆ ತೆಗೆದ, ಸ್ಪ್ಯಾನರ್ ತೆಗೆದ, ಸ್ಟೆಪ್ನಿಯನ್ನೂ ಇಳಿಸಿದ. ಇಳಿಸಿ, ಕೈಯಲ್ಲಿ ಹಿಡಿದುಕೊಂಡು ನಿಂತಾಗ ನೆನಪಾಯಿತು. ಆ ದೊಡ್ಡ ಗಾಲಿಯ ಪಕ್ಕದಲ್ಲಿ ಅದು ಮಕ್ಕಳ ಆಟಿಕೆಯಂತಿತ್ತು. ಹಗ್ಗ ಕಟ್ಟಿ ಎಳೆಯೋಣವೆಂದರೆ ಸೀಳಿದ ಟೈರಿನ ಮೇಲೆ ಅಷ್ಟು ಭಾರದ ಲಾರಿ ಕದಲುವುದಿಲ್ಲ. ಕೂತ್ಕೋ, ನನ್ನ ಲಾರಿಯಲ್ಲಿ ಊರಿಗೆ ಹೋಗೋಣ ಎಂದು ಕರೆದ. ಲಾರಿ ಬಿಟ್ಟು ಬರಲಾರೆ, ಪಟ್ಟಣಕ್ಕೆ ಹೇಳಿ ಕಳುಹಿಸಿದ್ದೇನೆ ಎಂದ ವ್ಯಾಪಾರಿ. ಹಾಗಾದರೆ ನಾನೂ ಇರುತ್ತೇನೆ ಎಂದ ಗಾಣದವನು.

"ನೀನು ಹೋಗು. ನಿನ್ನ ಹತ್ತಿರ ಇರುವುದು ನನಗೆ ಕೂರುವುದಿಲ್ಲ" ಎಂದ ವ್ಯಾಪಾರಿ.

ಗಾಣದವನು ಹೊರಟ. ಆ ಮಾತು ಗಾಲಿಯ ಬಗ್ಗೆ ಆಡಿದ್ದೋ, ತನ್ನ ಬಗ್ಗೆ ಆಡಿದ್ದೋ ಎಂದು ಊರು ಮುಟ್ಟುವವರೆಗೂ ಅವನಿಗೆ ಬಗೆಹರಿಯಲಿಲ್ಲ. ನಾನು ಹೇಳಿದ್ದೇ ಸರಿಯಾಯಿತಲ್ಲ ಎಂದು ಸಮಾಧಾನ ತಂದುಕೊಳ್ಳಲು ನೋಡಿದ. ಸಮಾಧಾನ ಬರಲಿಲ್ಲ. ತಾನು ಹೇಳಿದ್ದು ಸರಿಯೇ ಇರಬಹುದು, ಆದರೆ ಬಿಸಿಲಿನಲ್ಲಿ ಕುಳಿತವನಿಗೆ ಅದರಿಂದ ಒಂದು ಅಂಗೈಯಷ್ಟು ನೆರಳೂ ಆಗಲಿಲ್ಲ ಎಂಬುದು ಅವನಿಗೆ ಹೊಳೆಯಿತು.

ಅವನು ಆ ದೊಡ್ಡ ಗಾಲಿಗಳನ್ನು ಕೂರಿಸಿದ ಗ್ಯಾರೇಜಿಗೇ ಹೋದ. ಅದೇ ಅಳತೆಯದು, ಸ್ವಲ್ಪ ಸವೆದದ್ದು, ಒಂದು ಸಿಕ್ಕಿತು. ಅದನ್ನು ಊರ ನಡುವೆ ಉರುಳಿಸಿಕೊಂಡು ಬರುವಾಗ, ಏನಣ್ಣಾ, ನಿಮ್ಮ ಮುದುಕನಿಗೂ ಮರಗಾಲು ಬಂತಾ ಎಂದು ಕೇಳದವರಿಲ್ಲ. ಅವನ ಮಾತೇ ಅವನ ಬೆನ್ನು ಹತ್ತಿತ್ತು. ತಲೆ ಬಗ್ಗಿಸಿ ಉರುಳಿಸಿದ. ಹಾಗೆಂದು ಆ ಗಾಲಿ ಅವನಿಗೆ ಹಿಡಿಸಿತೆಂದು ತಿಳಿಯಬಾರದು. ಮನೆಯಲ್ಲಿ ಅದರ ಮೇಲೆ ಗೋಣಿ ಹೊದಿಸಿಟ್ಟ, ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳದಿರಲಿ ಎಂದು.

ಮುಂದಿನ ವರ್ಷ ಹೊರಡುವ ದಿನ ಬೆಳಿಗ್ಗೆ ಅವನು ತನ್ನ ಲಾರಿಯನ್ನು ವ್ಯಾಪಾರಿಯ ಮನೆಯ ಮುಂದೆ ನಿಲ್ಲಿಸಿ ಹಾರ್ನು ಹೊಡೆದ. ವ್ಯಾಪಾರಿ ಹೊರಗೆ ಬಂದ. ಲಾರಿಯನ್ನು ಒಂದು ಸುತ್ತು ಬಂದು ಹಿಂದೆ ಇಣುಕಿದ. ಒಂದು ಪಕ್ಕದಲ್ಲಿ ಹಳೆಯ ಸ್ಟೆಪ್ನಿ. ಇನ್ನೊಂದು ಪಕ್ಕದಲ್ಲಿ, ಅರ್ಧ ಜಾಗ ತಿಂದುಕೊಂಡು, ಹಗ್ಗದಲ್ಲಿ ಬಿಗಿದ ದೊಡ್ಡ ಗಾಲಿ.

"ಇದು ನಿನ್ನ ಲಾರಿಗೆ ಆಗುವುದಿಲ್ಲವಲ್ಲೋ."

"ಆಗುವುದಿಲ್ಲ."

"ಮತ್ತೆ? ಈಗ ಹಿಡಿಸಿತಾ?"

"ಇಲ್ಲ. ಈಗಲೂ ನೋಡಿದರೆ ಮೈ ಉರಿಯುತ್ತದೆ. ಆದರೆ ಆವತ್ತು ಬಿಸಿಲಿನಲ್ಲಿ ಕೂತಿದ್ದದ್ದು ಗಾಲಿಯಲ್ಲ, ನೀನು."

ವ್ಯಾಪಾರಿ ಹಗ್ಗದ ಗಂಟನ್ನು ಒಮ್ಮೆ ಎಳೆದು ನೋಡಿದ. ಆಮೇಲೆ ಮೇಲೆ ಹತ್ತಿ ದೊಡ್ಡ ಗಾಲಿಯನ್ನು ಹಾಗೇ ಬಿಟ್ಟು, ಹಳೆಯ ಸ್ಟೆಪ್ನಿಯನ್ನು ಬಿಚ್ಚಿ ಇಳಿಸಿ, ತನ್ನ ಲಾರಿಗೆ ಹೇರಿಕೊಂಡ. ಎರಡೂ ನಿನ್ನ ಹತ್ತಿರವೇ ಇದ್ದರೆ, ಆಮೆಯಾದರೂ ನೀನು ನನ್ನನ್ನು ಬಿಟ್ಟು ಓಡಿಹೋಗಿಬಿಡುತ್ತೀಯ, ನಿನ್ನದು ನನ್ನ ಹತ್ತಿರ ಇರಲಿ ಎಂದ.

ಹೀಗೆ ಒಬ್ಬೊಬ್ಬರೂ ತಮ್ಮ ಲಾರಿಗೆ ಆಗದ ಗಾಲಿಯನ್ನು ಹೊತ್ತುಕೊಂಡು ಹೊರಟರು. ಮುಂದೆ ಒಂದು, ಹಿಂದೆ ಒಂದು.

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು. ಗುರುಶಾಂತನ ಮುಖ ಅರಳಿತ್ತು. ಕತೆ ತನ್ನ ಕಡೆಗೇ ಇದೆ ಎಂದು ಅವನಿಗೆ ಅನಿಸಿತು. ಗಾಣದವನು ಕೊನೆಯವರೆಗೂ ಸುಳ್ಳು ಹೇಳಲಿಲ್ಲವಲ್ಲ, ಹಿಡಿಸದ್ದನ್ನು ಹಿಡಿಸದು ಎಂದೇ ಹೇಳಿದನಲ್ಲ. ಕೊನೆಗೆ ಯಾರ ಗಾಲಿ ಚೆಂದವೆಂದು ತೀರ್ಮಾನವಾಯಿತು ಎಂದು ಕೇಳಿದ. ಆ ಜಗಳ ಇನ್ನೂ ಮುಗಿದಿಲ್ಲ, ಕಾಫಿಗೆ ನಿಲ್ಲಿಸಿದಲ್ಲೆಲ್ಲ ನಡೆಯುತ್ತದೆ ಎಂದರು ಗುರುಗಳು. ಗುರುಶಾಂತ ನಕ್ಕುಬಿಟ್ಟ. ಹಾಗಾದರೆ ಹಾಲಸ್ವಾಮಿಯ ಹಾಡು ಚೆನ್ನಾಗಿದೆ ಎಂದು ನಾನು ಹೇಳಬೇಕಾಗಿಲ್ಲ, ಅಲ್ಲವೇ ಬುದ್ಧಿ ಎಂದ.

"ಹೇಳಬೇಡ, ಮರಿ. ಆದರೆ ನಾಳೆ ಹಾಡಿನ ನಡುವೆ ಅವನ ದನಿ ಕಟ್ಟಿಕೊಂಡರೆ, ಅವನ ರಾಗ ಹೊತ್ತುಕೊಂಡು ಅವನ ಪಕ್ಕದಲ್ಲಿ ಕೂತಿರುವವನು ಯಾರು?"

ಗುರುಶಾಂತ ಎದ್ದು ಹೋಗಿ, ತನ್ನ ಚಾಪೆಯನ್ನು ಆ ಕಡೆಯ ಕಂಬದ ಪಕ್ಕಕ್ಕೆ ಒಯ್ದ.