ಕೊನೆಯ ಗೇಣಿನ ಬಣ್ಣ

ಬೆಳಗಾವಿಯಲ್ಲಿ ಚಂಪಾ ಎಂಬ ಹೆಂಗಸಿದ್ದಳು. ಸ್ವೆಟರ್, ಶಾಲು, ಕೂಸುಗಳ ಕುಲಾವಿ, ಏನು ಕೇಳಿದರೂ ಹೆಣೆದು ಕೊಡುತ್ತಿದ್ದಳು. ಆದರೆ ಅಂಗಡಿಯ ಬಣ್ಣದ ದಾರವನ್ನು ಮುಟ್ಟುತ್ತಿರಲಿಲ್ಲ. ಬಿಳಿ ಉಣ್ಣೆ ದಾರ ತಂದು ಹಿತ್ತಲಲ್ಲಿ ತಾನೇ ಬಣ್ಣ ಕಟ್ಟುತ್ತಿದ್ದಳು. ಈ ಹುಚ್ಚು ಹಿಡಿಸಿದವಳು ಧಾರವಾಡದಲ್ಲಿದ್ದ ಅವಳ ಅಕ್ಕ ಗೋದಾವರಿ. ಬಿಡುವು ಸಿಕ್ಕಿತೆಂದರೆ ಅಕ್ಕ ಇಲ್ಲಿಗೆ, ಇಲ್ಲವೆ ತಂಗಿ ಅಲ್ಲಿಗೆ. ಇಬ್ಬರೂ ಒಲೆಯ ಮುಂದೆ ಕೂತು ಉಳ್ಳಾಗಡ್ಡಿ ಸಿಪ್ಪೆ ಕುದಿಸಿ ಸೋಸುತ್ತಿದ್ದರು. ಬಣ್ಣ ಹಿಡಿಯಲೆಂದು ಪಟಿಕದ ನೀರಲ್ಲಿ ನೆನೆಸಿದ ದಾರವನ್ನು ಆ ರಸದಲ್ಲಿ ಅದ್ದಿ, ಬಳಗದವರ ಸುದ್ದಿಯನ್ನೆಲ್ಲ ಆಡಿ ಮುಗಿಸುವಷ್ಟರಲ್ಲಿ ದಾರ ಹೊಂಬಣ್ಣಕ್ಕೆ ತಿರುಗಿರುತ್ತಿತ್ತು.

ಹಾಗೆ ಇಬ್ಬರೂ ಸೇರಿ ಬಣ್ಣ ಕಟ್ಟಿದ ದಾರದಲ್ಲಿ ಚಂಪಾ ಅಕ್ಕನಿಗೆಂದು ಒಂದು ಶಾಲು ಶುರುಮಾಡಿದಳು. ಅಷ್ಟರಲ್ಲಿ ಒಂದು ಮದುವೆಮನೆಯಲ್ಲಿ ಎಡವಟ್ಟಾಯಿತು. ಊಟದ ಪಂಕ್ತಿಯಲ್ಲಿ ಯಾರೋ ಚಂಪಾಳ ಕೈಕೆಲಸ ಹೊಗಳಿದರು. ಗೋದಾವರಿ ನಗುತ್ತ, "ಹೆಣಿಗಿ ಛಲೋ ಹಾಕ್ತಾಳ್ರಿ. ಆದ್ರ ಆಕಿ ಒಬ್ಬಾಕೀನ ಬಣ್ಣಾ ಕಟ್ಟಿದ್ರ ಒಂದ ಸಲಾ ತೊಳದ್ರ ಹೋಗಿಬಿಡ್ತದ" ಅಂದಳು. ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಚಂಪಾ ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದಳು. ಅವತ್ತಿನಿಂದ ಅವಳು ಧಾರವಾಡದ ಕಡೆ ತಲೆ ಹಾಕಲಿಲ್ಲ.

ಸಿಟ್ಟೇನೋ ಬಂದ ದಾರಿಯಲ್ಲೇ ಹೋಯಿತು. ಉಳಿದದ್ದು ಅಕ್ಕನ ನೆನಪು. ಹಿತ್ತಲಲ್ಲಿ ಒಬ್ಬಳೇ ಕೂತರೆ ಮಾತಿಗೆ ಜನವಿಲ್ಲ. ಒಲೆಯ ಹೊಗೆ ಮುಖಕ್ಕೆ ಬಂದರೆ "ಆ ಕಡೆ ಸರೀಯೇ" ಎಂದು ಬೈಯುವವರಿಲ್ಲ. ಚಂಪಾ ಶಾಲನ್ನು ಮತ್ತೆ ಕೈಗೆತ್ತಿಕೊಂಡಳು. ಇನ್ನೊಂದು ಗೇಣು ಹೆಣೆದರೆ ಮುಗಿಯಬೇಕು, ಅಷ್ಟರಲ್ಲಿ ದಾರ ಮುಗಿಯಿತು.

ಉಳಿದ ದಾರಕ್ಕೆ ತಾನೊಬ್ಬಳೇ ಬಣ್ಣ ಕಟ್ಟಬೇಕು. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಅಕ್ಕನಿಗೆ ಗೊತ್ತೇ ಆಗಬಾರದು. ಅಂಥ ಶಾಲು ಹೊದಿಸಿಯೇ ಅವಳ ಕೂಡ ಮಾತಾಡಬೇಕು. ಹೀಗೆಂದು ಚಂಪಾ ಹಟ ತೊಟ್ಟಳು.

ಬಣ್ಣಕ್ಕೂ ಅವಳಷ್ಟೇ ಹಟ. ಮೊದಲ ಸಲ ದಾರ ಬೆಳ್ಳಗೆ ಉಳಿಯಿತು. ಸಿಪ್ಪೆ ಹೆಚ್ಚು ಹಾಕೋಣವೆಂದು ಚಂಪಾ ಸಂತೆಯಲ್ಲಿ ಬುಟ್ಟಿ ಬುಟ್ಟಿಯ ತಳ ಕೆರೆದಳು. ಉಳ್ಳಾಗಡ್ಡಿ ಮಾರುವವಳು, "ಗಡ್ಡಿ ಬಿಟ್ಟು ಸಿಪ್ಪಿ ಒಯ್ಯೂ ಗಿರಾಕಿ ನೀವೊಬ್ಬರ ನೋಡ್ರಿ ಬಾಯಾರ" ಎಂದು ನಕ್ಕಳು. ಆ ಸಲ ದೊಡ್ಡ ಪಾತ್ರೆಯಿಲ್ಲದೆ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದಳು. ಕಬ್ಬಿಣ ತನ್ನ ಗುಣ ತೋರಿಸಿ ದಾರವನ್ನು ಮಂಕು ಕಂದು ಮಾಡಿತು. ಮತ್ತೊಮ್ಮೆ ಬಣ್ಣ ಹಳೆಯದಕ್ಕೆ ಹೇಳಿಮಾಡಿಸಿದ ಹಾಗೆ ಕೂಡಿತು. ಚಂಪಾ ಕುಣಿಯುವುದೊಂದು ಬಾಕಿ. ಆದರೆ ಅವಳು ಹೋಲಿಸಿದ್ದು ಹಸಿ ದಾರವನ್ನು. ಹಸಿ ದಾರ ಯಾವಾಗಲೂ ಗಾಢವಾಗೇ ಕಾಣುತ್ತದೆ. ನೆರಳಲ್ಲಿ ಒಣಗಿದ ಮೇಲೆ ನೋಡಿದರೆ ಸಪ್ಪೆ.

ಗೋದಾವರಿಯ ನೆರೆಮನೆಯ ತುಂಗಕ್ಕನ ಮಗಳನ್ನು ಬೆಳಗಾವಿಗೆ ಕೊಟ್ಟಿತ್ತು. ತುಂಗಕ್ಕ ಮಗಳ ಮನೆಗೆ ಬಂದಾಗೆಲ್ಲ ಚಂಪಾಳ ಬಾಗಿಲಿಗೂ ಬರುತ್ತಿದ್ದಳು.

"ನಿಮ್ಮಕ್ಕ ದಾರಿ ಕಾಯ್ತಾಳವಾ. ಒಮ್ಮೆ ಬಂದು ಹೋಗು ಅಂತ ಹೇಳ್ಯಾಳ."

"ಬಣ್ಣಾ ಕೂಡ್ಲಿ ತುಂಗಕ್ಕ, ಮರುದಿನಾನ ಬರ್ತೀನಿ."

ದೀಪಾವಳಿಗೂ ಇದೇ ಮಾತು, ಸಂಕ್ರಮಣಕ್ಕೂ ಇದೇ ಮಾತು. ಅಕ್ಕ ಕಳಿಸಿದ ಎಳ್ಳು ಬೆಲ್ಲ ಕೈಗೆ ಬಂದಾಗ ಚಂಪಾಳಿಗೆ ಅಳುವೇ ಬಂತು. ಆದರೂ ಹೋಗಲಿಲ್ಲ. ಬಸ್ಸು ಹತ್ತುವ ಬದಲು ಇನ್ನೊಂದು ಒಲೆ ಹೂಡಿದಳು. ಅಕ್ಕನನ್ನು ಅಷ್ಟು ನೆನೆಯುವವಳು ಅಕ್ಕನ ಊರಿಗೆ ಹೋಗದಿರುವುದು ಎಂಥ ಜಾಣತನವೋ, ಅವಳಿಗೇ ಗೊತ್ತು.

ಮರುವರ್ಷ ತುಂಗಕ್ಕ ಬಂದಾಗ ಕರೆಯ ಮಾತೇ ಎತ್ತಲಿಲ್ಲ. ಕೊಟ್ಟ ಚಹಾ ಕುಡಿದಳು. ಆಮೇಲೆ ಹೇಳಿದಳು: "ಗೋದಕ್ಕಗ ಕಣ್ಣು ಹೋದ್ವು ಚಂಪಾ. ನರಾ ಒಣಗ್ಯಾವಂತ. ಇನ್ನ ಏನೂ ಮಾಡಾಕ ಬರೂದಿಲ್ಲಂತ ಡಾಕ್ಟರ ಹೇಳ್ಯಾರ. ನಿನಗ ಹೇಳಬ್ಯಾಡಂದಿದ್ಲು, ನನಗ ತಡಕೊಳ್ಳಾಕ ಆಗಲಿಲ್ಲ."

ಚಂಪಾ ಎದ್ದವಳೇ ಕೈಗೆ ಸಿಕ್ಕ ಸಪ್ಪೆ ಬಣ್ಣದ ದಾರವನ್ನೂ ಮುಗಿಯದ ಶಾಲನ್ನೂ ಚೀಲಕ್ಕೆ ತುರುಕಿ ಬಸ್ಸು ಹತ್ತಿದಳು. ಬಸ್ಸಿನ ಕುಲುಕಾಟದಲ್ಲೇ ಹೆಣೆಯುತ್ತ ಹೋದಳು. ಎಷ್ಟು ವರ್ಷ ಹೆಣೆದ ಕೈ, ಅಂದು ಕುಣಿಕೆ ಕುಣಿಕೆಗೂ ತಪ್ಪಿತು. ಕಣ್ಣೀರು ಒರೆಸಿಕೊಂಡು ಮತ್ತೆ ಹಾಕಿದಳು. ಧಾರವಾಡ ಬರುವಷ್ಟರಲ್ಲಿ ಕೊನೆಯ ಗೇಣು ಮುಗಿದಿತ್ತು.

ಗೋದಾವರಿ ಪಡಸಾಲೆಯಲ್ಲಿ ಕೂತಿದ್ದಳು. ಹೆಜ್ಜೆಯ ಸದ್ದಿಗೇ ಮುಖ ಎತ್ತಿ, "ಚಂಪೀ ಏನ?" ಅಂದಳು. ಚಂಪಾ ಶಾಲನ್ನು ಅಕ್ಕನ ಹೆಗಲಿಗೆ ಹೊದಿಸಿದಳು. ಗೋದಾವರಿ ಅದನ್ನು ಅಂಗೈಯಲ್ಲಿ ಸವರಿ, ಅಂಚಿನವರೆಗೂ ಬೆರಳಾಡಿಸಿ, "ಬಣ್ಣಾ ಹ್ಯಾಂಗ ಆಗೇದ ಹೇಳು" ಅಂದಳು.

"ಮೊದಲಿಂದು ನಾವಿಬ್ಬರೂ ಕಟ್ಟಿದ್ದು, ಬಂಗಾರಧಾಂಗ ಅದ. ಕಡೀ ಗೇಣು ನಾ ಒಬ್ಬಾಕೀನ ಕಟ್ಟಿದ್ದು. ಸಪ್ಪಗ ಆಗೇದ ಅಕ್ಕಾ. ಕೂಡ್ಲೇ ಇಲ್ಲ. ಅದು ಕೂಡ್ಲಿ ಅಂತನ ಇಷ್ಟ ದಿನಾ..."

ಗೋದಾವರಿ ತಂಗಿಯ ಕೈ ಹುಡುಕಿ ಹಿಡಿದುಕೊಂಡಳು.

"ಹೋದ ವರ್ಷ ಬಂದಿದ್ರ ಆ ಸಪ್ಪನ ಬಣ್ಣಾನೂ ಕಣ್ತುಂಬ ನೋಡ್ತಿದ್ನಲ್ಲೇ, ಚಂಪೀ" ಅಂದಳು. "ನಿನ್ನನ್ನೂ ನೋಡ್ತಿದ್ದೆ."

ನೀತಿ: ಪ್ರೀತಿಸುವವರ ಬಳಿಗೆ ಹೋಗಲು ಎಲ್ಲವೂ ಸರಿಯಾಗಲಿ ಎಂದು ಕಾಯಬಾರದು. ನಮ್ಮ ಕೈಯ ಕೊರತೆಯನ್ನು ಅವರು ಕ್ಷಮಿಸಿಯಾರು, ಕಳೆದುಹೋದ ದಿನಗಳನ್ನು ಮಾತ್ರ ಯಾರೂ ಮರಳಿ ಕೊಡಲಾರರು.